ಮುಂದಿನ ಗಾಲಿ, ಹಿಂದಿನ ಗಾಲಿ: ಸ್ಕೇಟಿಂಗ್ ಇತಿಹಾಸ, ಒಬ್ಬ ವೀಕೆಂಡ್ ರೆಫರಿ ಕಂಡಂತೆ

ಇದು ಈ ವಾರದ ವಿಡಿಯೋದ ಬರಹ ರೂಪ. ಮಾತಾಡುವಾಗ ಎಳೆದಾಡಿದ್ದನ್ನು ಕತ್ತರಿಸಿದ್ದೀನಿ. ಬೋರ್ಡ್ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೀನಿ.

ಹೋದ ಸಲ ಕಾಮೆಂಟಿನಲ್ಲಿ ಒಬ್ಬರು ಕೇಳಿದ್ದರು, "ಸರ್, ನೀವು ಶನಿವಾರ ಭಾನುವಾರ ಕಾಣಿಸೋದೇ ಇಲ್ಲ, ಏನ್ಮಾಡ್ತೀರಿ?" ಅಂತ. ಉತ್ತರ ಇದು: ಕುತ್ತಿಗೆಗೆ ಸೀಟಿ ಹಾಕ್ಕೊಂಡು ಸ್ಕೇಟಿಂಗ್ ರಿಂಕ್‌ನಲ್ಲಿ ನಿಂತಿರ್ತೀನಿ. ಸೋಮವಾರದಿಂದ ಶುಕ್ರವಾರ ಕೋಡ್, ವೀಕೆಂಡ್‌ನಲ್ಲಿ ಮಕ್ಕಳ ರೇಸಿಗೆ ರೆಫರಿ. ಇವತ್ತು ಆ ಆಟದ ಇತಿಹಾಸ ಹೇಳ್ತೀನಿ. ಕೊನೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳ್ತೀನಿ. ಇತಿಹಾಸ ಗೊತ್ತಿಲ್ಲದೆ ಆ ತಪ್ಪು ಅರ್ಥ ಆಗಲ್ಲ, ಅದಕ್ಕೇ ಮೊದಲು ಇತಿಹಾಸ.

ಹನ್ನೆರಡು ಸೆಂಟಿಮೀಟರ್

2023ರ ಅಕ್ಟೋಬರ್ 2. ಚೀನಾದ ಹಾಂಗ್‌ಝೌದಲ್ಲಿ ಏಷ್ಯನ್ ಗೇಮ್ಸ್, ಪುರುಷರ 3000 ಮೀಟರ್ ಸ್ಪೀಡ್ ಸ್ಕೇಟಿಂಗ್ ರಿಲೇ. ಕೊನೆಯ ಸುತ್ತಿನಲ್ಲಿ ದಕ್ಷಿಣ ಕೊರಿಯಾದ ಜಂಗ್ ಚೊಲ್‌ವನ್ ಮುಂದಿದ್ದ. ಗೆರೆ ಹತ್ತಿರ ಬಂತು. ಗೆದ್ದೇ ಬಿಟ್ಟೆ ಅಂತ ಎದೆ ಮೇಲೆತ್ತಿ ಎರಡೂ ಕೈ ಚಾಚಿದ. ಹಿಂದೆ ಬರ್ತಿದ್ದ ತೈವಾನಿನ ಹ್ವಾಂಗ್ ಯು-ಲಿನ್ ಸುಮ್ಮನಿರಲಿಲ್ಲ. ಗೆರೆಯ ಹತ್ತಿರ ತನ್ನ ಕಾಲನ್ನು ಉದ್ದಕ್ಕೆ ಮುಂದೆ ಚಾಚಿದ, ಅಷ್ಟೇ. ಕೊರಿಯಾದವರು ಬಾವುಟ ಹಿಡಿದು ಸಂಭ್ರಮಿಸ್ತಿದ್ದಾಗ ಫಲಿತಾಂಶ ಬಂತು. ತೈವಾನ್ 4 ನಿಮಿಷ 5.692 ಸೆಕೆಂಡ್, ಕೊರಿಯಾ 4 ನಿಮಿಷ 5.702. ಅಂತರ ಸೆಕೆಂಡಿನ ನೂರನೇ ಒಂದು ಭಾಗ.

ಕೊರಿಯಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನಕ್ಕೆ ಪದಕದ ಬೆಲೆ ಮಾತ್ರ ಇರೋದಲ್ಲ. ಗಂಡುಮಕ್ಕಳಿಗೆ ಕಡ್ಡಾಯ ಸೈನಿಕ ಸೇವೆಯಿಂದ ವಿನಾಯಿತಿ ಸಿಗುತ್ತೆ. ಜಂಗ್ ತನ್ನ ಜೊತೆಯವನೊಬ್ಬನಿಗೂ ಅದನ್ನು ಕಳೆದ. ಆಮೇಲೆ ಎಲ್ಲರ ಮುಂದೆ ಕ್ಷಮೆ ಕೇಳಿದ.

ಅದೇ ರೇಸಿನಲ್ಲಿ ಮೂರನೆಯವರು ಯಾರು ಗೊತ್ತಾ? ನಮ್ಮವರು. ಆರ್ಯನ್‌ಪಾಲ್ ಸಿಂಗ್ ಘುಮನ್, ಆನಂದಕುಮಾರ್ ವೇಲ್‌ಕುಮಾರ್, ಸಿದ್ಧಾಂತ್ ಕಾಂಬಳೆ, ವಿಕ್ರಮ್ ಇಂಗಳೆ. ಕಂಚು. ಅದೇ ದಿನ ಹೆಣ್ಣುಮಕ್ಕಳ ರಿಲೇಯಲ್ಲೂ ಕಂಚು ಬಂತು: ಕಾರ್ತಿಕಾ ಜಗದೀಶ್ವರನ್, ಹೀರಲ್ ಸಾಧು, ಆರತಿ ಕಸ್ತೂರಿರಾಜ್, ಸಂಜನಾ ಬತುಲಾ. ನಮ್ಮ ವಾಟ್ಸಾಪ್‌ಗಳಲ್ಲಿ ಓಡಿದ್ದು ಮಾತ್ರ ಕೊರಿಯಾದವನು ಕೈ ಎತ್ತಿದ ವಿಡಿಯೋ. ಇರಲಿ ಬಿಡಿ.

ಸ್ವಲ್ಪ ಲೆಕ್ಕ ಮಾಡೋಣ. 3000 ಮೀಟರನ್ನು ಸುಮಾರು 245.7 ಸೆಕೆಂಡಿನಲ್ಲಿ ಮುಗಿಸಿದರೆ ಸರಾಸರಿ ವೇಗ ಸೆಕೆಂಡಿಗೆ 12.2 ಮೀಟರ್, ಅಂದರೆ ಗಂಟೆಗೆ ಹತ್ತಿರ ಹತ್ತಿರ 44 ಕಿಲೋಮೀಟರ್. ಆ ವೇಗದಲ್ಲಿ ನೂರನೇ ಒಂದು ಸೆಕೆಂಡ್ ಅಂದರೆ 12 ಸೆಂಟಿಮೀಟರ್. ಸ್ಪೀಡ್ ಸ್ಕೇಟಿನ ಒಂದು ಗಾಲಿಯ ಅಡ್ಡಳತೆ 11 ಸೆಂಟಿಮೀಟರ್. ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ ಒಂದು ಗಾಲಿಯಷ್ಟು.

ಇಲ್ಲಿ ಒಂದು ನಿಯಮ ಕೆಲಸ ಮಾಡಿತು. ಸ್ಪೀಡ್ ಸ್ಕೇಟಿಂಗ್‌ನಲ್ಲಿ ಎದೆಯನ್ನು ನೋಡಲ್ಲ, ತಲೆಯನ್ನು ನೋಡಲ್ಲ. ಗೆರೆ ದಾಟೋ ಮುಂದಿನ ಸ್ಕೇಟಿನ ಮುಂದಿನ ಗಾಲಿಯನ್ನು ನೋಡ್ತಾರೆ. ಜಂಗ್ ಅವರ ಎದೆ ಮುಂದಿತ್ತೋ ಹಿಂದಿತ್ತೋ, ಅದಕ್ಕೆ ಬೆಲೆಯೇ ಇಲ್ಲ. ಹ್ವಾಂಗ್ ಅವರ ಗಾಲಿ ಮುಂದಿತ್ತು. ಈ "ಎಲ್ಲಿ ನೋಡಬೇಕು" ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ. ಇವತ್ತಿನ ಕಥೆ ಪೂರ್ತಿ ಅದರ ಸುತ್ತವೇ.

ಕನ್ನಡಿ ಒಡೆದ ಮರ್ಲಿನ್

ಕಾಲಿಗೆ ಗಾಲಿ ಕಟ್ಟಿಕೊಂಡವರಲ್ಲಿ ನಮಗೆ ಹೆಸರು ಗೊತ್ತಿರೋ ಮೊದಲಿಗರಲ್ಲಿ ಒಬ್ಬ ಜಾನ್ ಜೋಸೆಫ್ ಮರ್ಲಿನ್. ಹುಟ್ಟಿದ್ದು 1735ರಲ್ಲಿ, ಇವತ್ತಿನ ಬೆಲ್ಜಿಯಂನ ಹ್ವೀ ಅನ್ನೋ ಊರಲ್ಲಿ. 1760ರಲ್ಲಿ ಲಂಡನ್‌ಗೆ ಬಂದ. ದೊಡ್ಡ ಮೆಕ್ಯಾನಿಕ್. ಗಡಿಯಾರ, ಸಂಗೀತ ವಾದ್ಯ, ಕೂತವರೇ ಕೈಯಿಂದ ತಿರುಗಿಸಿ ಓಡಿಸೋ ಗಾಲಿ ಕುರ್ಚಿ, ಏನೇನೋ ಮಾಡಿದ. ಬೆಳ್ಳಿಯ ಯಾಂತ್ರಿಕ ಹಂಸವೊಂದು ಇಂಗ್ಲೆಂಡಿನ ಬೋಸ್ ಮ್ಯೂಸಿಯಂನಲ್ಲಿ ಇವತ್ತಿಗೂ ಇದೆ. ಅದರ ಹಿಂದಿನ ಕೈಗಳಲ್ಲಿ ಇವನದೂ ಒಂದು.

ಇವನು ಸತ್ತು ಎಷ್ಟೋ ವರ್ಷ ಆದ ಮೇಲೆ ಅಚ್ಚಾದ ಒಂದು ಪುಸ್ತಕದಲ್ಲಿ ಒಂದು ಕಥೆ ಇದೆ. ಲಂಡನ್ನಿನ ಸೋಹೋದಲ್ಲಿ ಕಾರ್ಲೈಲ್ ಹೌಸ್ ಅಂತ ಒಂದು ಶ್ರೀಮಂತರ ಪಾರ್ಟಿ ಮನೆ. ಅಲ್ಲೊಂದು ಮುಖವಾಡದ ನೃತ್ಯಕೂಟ. ಮರ್ಲಿನ್ ಗಾಲಿ ಬೂಟು ಹಾಕ್ಕೊಂಡು, ಕೈಯಲ್ಲಿ ಪಿಟೀಲು ಹಿಡಿದು ನುಡಿಸುತ್ತಾ ಒಳಗೆ ಜಾರಿಕೊಂಡು ಬಂದ. ಎಲ್ಲರೂ ಬಾಯಿ ಬಿಟ್ಟು ನೋಡ್ತಿದ್ದಾರೆ. ಆದರೆ ವೇಗ ಕಡಿಮೆ ಮಾಡೋಕೆ ಅವನ ಹತ್ತಿರ ಉಪಾಯ ಇಲ್ಲ, ತಿರುಗೋಕೂ ಇಲ್ಲ. ನೇರ ಹೋಗಿ 500 ಪೌಂಡಿಗೂ ಹೆಚ್ಚು ಬೆಲೆಯ ಕನ್ನಡಿಗೆ ಗುದ್ದಿದ. ಕನ್ನಡಿ ಪುಡಿಪುಡಿ, ಪಿಟೀಲು ಚೂರುಚೂರು, ಅವನಿಗೂ ಬಲವಾದ ಪೆಟ್ಟು.

ನಾವು ಐಟಿಯವರು ಇದನ್ನು ಕೇಳಿದರೆ ನಗ್ತೀವಿ, ಯಾಕಂದ್ರೆ ನಮಗೆ ಇದು ಗೊತ್ತು. ಡೆಮೋ ದಿನ ಹ್ಯಾಪಿ ಪಾತ್ ಮಾತ್ರ ಟೆಸ್ಟ್ ಮಾಡ್ಕೊಂಡು ಬಂದರೆ ಆಗೋದು ಇದೇ. ಅಷ್ಟು ದೊಡ್ಡ ಮೆಕ್ಯಾನಿಕ್ ಹೋಗೋದರ ಮೇಲೆ ಮಾತ್ರ ಕಣ್ಣಿಟ್ಟ, ನಿಲ್ಲೋದನ್ನು ಮರೆತ.

ಅವನ ನಂತರವೂ ಸುಮಾರು ನೂರು ವರ್ಷ ಹೀಗೇ ನಡೆಯಿತು. 1819ರಲ್ಲಿ ಪ್ಯಾರಿಸ್‌ನಲ್ಲಿ ಪೆಟಿಬ್ಲೆಡ್ ಅನ್ನೋನು ಒಂದೇ ಸಾಲಿನಲ್ಲಿ ಮೂರು ಗಾಲಿ ಇರೋ ಸ್ಕೇಟಿಗೆ ಪೇಟೆಂಟ್ ತಗೊಂಡ. 1823ರಲ್ಲಿ ಲಂಡನ್ನಿನ ರಾಬರ್ಟ್ ಜಾನ್ ಟೈಯರ್ಸ್ ಐದು ಗಾಲಿ ಹಾಕಿ ರೋಲಿಟೊ ಅಂತ ಹೆಸರಿಟ್ಟ. 1849ರಲ್ಲಿ ಪ್ಯಾರಿಸ್ ಒಪೆರಾದಲ್ಲಿ ಮೆಯರ್‌ಬೇರ್ ಅವರ ಲ ಪ್ರೊಫೆಟ್ ಆಡಿದಾಗ, ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರೋ ದೃಶ್ಯಕ್ಕೆ ನರ್ತಕರ ಕಾಲಿಗೆ ಗಾಲಿ ಕಟ್ಟಿದರು. ಜನ ಮರುಳಾದರು. ಆದರೂ ಕಾಲಿಗೆ ಕಟ್ಟಿದ ಆ ಯಂತ್ರಕ್ಕೆ ಇನ್ನೂ ಸರಿಯಾಗಿ ತಿರುಗೋಕೆ ಬರ್ತಿರಲಿಲ್ಲ.

ಗಾಲಿ ಬಿಟ್ಟು ರಬ್ಬರ್ ನೋಡಿದವನು

ತಿರುಗೋದನ್ನು ಕಲಿಸಿದ್ದು ಅಮೆರಿಕದ ಜೇಮ್ಸ್ ಲಿಯೊನಾರ್ಡ್ ಪ್ಲಿಂಪ್ಟನ್. ನ್ಯೂಯಾರ್ಕ್‌ನಲ್ಲಿ ಪೀಠೋಪಕರಣದ ವ್ಯಾಪಾರಿ. ಆರೋಗ್ಯಕ್ಕೆ ಅಂತ ಐಸ್ ಸ್ಕೇಟಿಂಗ್ ಹಿಡಿದವನು. ಬೇಸಿಗೆಯಲ್ಲಿ ಐಸ್ ಎಲ್ಲಿಂದ ಬರಬೇಕು? ಗಾಲಿ ಸ್ಕೇಟು ಹಾಕಿ ನೋಡಿದ, ಐಸ್ ಮೇಲಿನ ಹಾಗೆ ವಾಲಿ ತಿರುಗೋಕೆ ಬರಲಿಲ್ಲ. 1863ರ ಜನವರಿಯಲ್ಲಿ ಅವನ ಪೇಟೆಂಟ್ ಬಂತು.

ಅವನು ಮಾಡಿದ್ದು ಇಷ್ಟು. ಪಾದದ ಕೆಳಗೆ ಒಂದು ತಟ್ಟೆ. ಮುಂದೆ ಒಂದು ಜೋಡಿ ಗಾಲಿ, ಹಿಂದೆ ಒಂದು ಜೋಡಿ. ಅಚ್ಚಿಗೂ ತಟ್ಟೆಗೂ ನಡುವೆ ರಬ್ಬರಿನ ಮೆತ್ತೆ. ನೀವು ಎಡಕ್ಕೆ ವಾಲಿದರೆ ಎಡಗಡೆಯ ರಬ್ಬರ್ ಅಮುಕುತ್ತೆ, ಎರಡೂ ಅಚ್ಚು ಸ್ವಲ್ಪ ಓರೆಯಾಗಿ ಎಡಗಡೆಯ ತುದಿಗಳು ಹತ್ತಿರ ಬರುತ್ತವೆ, ಸ್ಕೇಟು ಎಡಕ್ಕೆ ಬಾಗುತ್ತೆ. ಎದ್ದು ನಿಂತರೆ ರಬ್ಬರ್ ತಾನೇ ನೇರ ಮಾಡುತ್ತೆ. ಸ್ಟೀರಿಂಗ್ ನಿಮ್ಮ ಮೈಯಲ್ಲೇ ಇದೆ. ನಿಮ್ಮ ಮಕ್ಕಳ ಸ್ಕೇಟ್‌ಬೋರ್ಡ್ ತಿರುಗೋದು ಇವತ್ತಿಗೂ ಇದೇ ಲೆಕ್ಕದಲ್ಲಿ.

ಎಲ್ಲರೂ ಗಾಲಿಯನ್ನು ನೋಡ್ತಿದ್ದಾಗ, ಪ್ಲಿಂಪ್ಟನ್ ಪಾದಕ್ಕೂ ಗಾಲಿಗೂ ನಡುವೆ ಇರೋ ಜಾಗವನ್ನು ನೋಡಿದ. ಎಲ್ಲಿ ನೋಡಬೇಕು ಅಂತ ತಿಳ್ಕೊಂಡ, ನೂರು ವರ್ಷದ ಸಮಸ್ಯೆ ಮುಗೀತು.

ಬಿಸಿನೆಸ್‌ನಲ್ಲೂ ಚಾಲಾಕು. ಸ್ಕೇಟನ್ನು ಮಾರ್ತಿರಲಿಲ್ಲ, ರಿಂಕ್ ನಡೆಸೋರಿಗೆ ಲೀಸ್‌ಗೆ ಕೊಡ್ತಿದ್ದ. ನಾವೀಗ ಸಬ್‌ಸ್ಕ್ರಿಪ್ಷನ್ ಅಂತೀವಲ್ಲ, ಹಾಗೆ. ಹೊಟೇಲಿನ ಊಟದ ಹಾಲನ್ನೇ ರಿಂಕ್ ಮಾಡಿದ. 1866ರಲ್ಲಿ ರೋಡ್ ಐಲೆಂಡಿನ ನ್ಯೂಪೋರ್ಟ್‌ನಲ್ಲಿ. ನಕಲು ಮಾಡಿದವರ ಮೇಲೆ ಇಂಗ್ಲೆಂಡಿನ ಕೋರ್ಟಿನಲ್ಲೂ ಕೇಸು ಹಾಕಿ ಗೆದ್ದ. ಆ ಕಾಲದಲ್ಲಿ ಗಂಡಸರು ಹೆಂಗಸರು ಜೊತೆಯಾಗಿ ಮೈ ಬೆವರಿಸೋಕೆ ಮರ್ಯಾದಸ್ಥ ಜಾಗ ಅಂತ ಇದ್ದದ್ದೇ ಕಡಿಮೆ, ರಿಂಕ್ ಅಂಥದ್ದೊಂದು ಜಾಗ ಆಯಿತು. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇದರ ಹುಚ್ಚಿಗೆ ರಿಂಕೋಮೇನಿಯಾ ಅಂತಲೇ ಹೆಸರು ಬಿತ್ತು.

ಉಳಿದದ್ದು ನಿಲ್ಲೋದು ಮತ್ತು ಓಡೋದು. 1876ರಲ್ಲಿ ಬೆರಳ ಕಡೆ ಇರೋ ಬ್ರೇಕಿಗೆ, ಅಂದರೆ ಟೋ ಸ್ಟಾಪಿಗೆ ಪೇಟೆಂಟ್ ಬಂತು. ಮರ್ಲಿನ್ ಕಾಲಕ್ಕೆ ಅದೊಂದು ಇದ್ದಿದ್ದರೆ ಕನ್ನಡಿ ಉಳೀತಿತ್ತು. ಅದೇ ಸುಮಾರಿಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಗಾಲಿಯೊಳಗೆ ಬಾಲ್ ಬೇರಿಂಗ್ ಹಾಕೋ ಕೆಲಸ ನಡೀತು, 1884ರಲ್ಲಿ ಅಮೆರಿಕದ ಲೆವಂಟ್ ರಿಚರ್ಡ್‌ಸನ್ ಸ್ಟೀಲ್ ಬಾಲ್ ಬೇರಿಂಗಿನ ಸ್ಕೇಟಿಗೆ ಪೇಟೆಂಟ್ ಪಡೆದ.

ಬೇರಿಂಗ್ ಅಂದ ಕೂಡಲೇ ನನಗೆ ನಮ್ಮಪ್ಪ ನೆನಪಾಗ್ತಾರೆ. ಅಪ್ಪ ಬೆಳಗಾವಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಖಡೇಬಜಾರಿನಲ್ಲಿ ಕಬ್ಬಿಣದ ಸ್ಕೇಟು ಕೊಡಿಸಿದರು. ಕಾಲು ಬೆಳೆದ ಹಾಗೆ ಪಾನಾ ಹಾಕಿ ಉದ್ದ ಮಾಡೋ ಥರದ್ದು, ಕೆಂಪು ಪಟ್ಟಿ ಇತ್ತು. ಭಾನುವಾರ ಮಧ್ಯಾಹ್ನ ಅಪ್ಪ ಗಾಲಿ ಬಿಚ್ಚಿ, ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಒಂದೇ ಒಂದು ಹನಿ ಎಣ್ಣೆ ಬಿಟ್ಟು, ಬೆರಳ ಮೇಲೆ ತಿರುಗಿಸಿ ಕಿವಿ ಹತ್ತಿರ ಹಿಡೀತಿದ್ದರು. "ಸಪ್ಪಳ ಬರಬಾರದು ನೋಡು, ಸಪ್ಪಳ ಬಂದ್ರ ಒಳಗ ಕಸ ಐತಿ ಅಂತ ಅರ್ಥ." ಇವತ್ತಿಗೂ ಬಹುತೇಕ ಸ್ಕೇಟುಗಳಲ್ಲಿ ಇರೋದು 608 ಅನ್ನೋ ಅಳತೆಯ ಬೇರಿಂಗ್: ಒಳಗೆ 8 ಮಿಲಿಮೀಟರ್, ಹೊರಗೆ 22, ದಪ್ಪ 7. ಮಕ್ಕಳು ಬೆರಳ ಮೇಲೆ ತಿರುಗಿಸ್ತಿದ್ದ ಸ್ಪಿನ್ನರ್ ನೆನಪಿದೆಯಾ? ಅದರೊಳಗೂ ಹೆಚ್ಚಾಗಿ ಇದೇ.

ನಾನು ಪಿಯುಸಿವರೆಗೆ ಓಡಿದೆ. ರಾಜ್ಯ ಮಟ್ಟಕ್ಕೆ ಮೂರು ಸಲ ಹೋದೆ, ಒಂದು ಸಲವೂ ಪದಕ ಬರಲಿಲ್ಲ. ಆಮೇಲೆ ಇಂಜಿನಿಯರಿಂಗ್, ಎಂ.ಟೆಕ್., ಪುಣೆ, ಇಎಂಐ. ಆಟ ಬಿಡೋಕೆ ಮನಸ್ಸು ಬರಲಿಲ್ಲ, ಓಡೋಕೆ ಮೊಣಕಾಲು ಬಿಡಲಿಲ್ಲ. ಹಾಗಾಗಿ ಸೀಟಿ ಹಿಡಿದೆ.

ಸೀಟಿ ಊದೋರು ಬಂದರು

ತಿರುಗೋಕೆ, ನಿಲ್ಲೋಕೆ, ಓಡೋಕೆ ಬಂತು ಅಂದ ಮೇಲೆ ಜನ ಪಂದ್ಯ ಕಟ್ಟಿದರು. ಪಂದ್ಯ ಕಟ್ಟಿದ ಕೂಡಲೇ ಜಗಳ ಬಂತು. ಜಗಳ ಬಂದ ಮೇಲೆ ನಿಯಮ ಬಂತು, ನಿಯಮ ನೋಡ್ಕೊಳ್ಳೋಕೆ ರೆಫರಿ ಬಂದ. 1924ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿತು. 2017ರಲ್ಲಿ ಅದು ಸ್ಕೇಟ್‌ಬೋರ್ಡಿನವರ ಒಕ್ಕೂಟದ ಜೊತೆ ಸೇರಿ ವರ್ಲ್ಡ್ ಸ್ಕೇಟ್ ಆಯಿತು.

ನಮ್ಮಲ್ಲಿ ಸ್ಕೇಟಿಂಗ್ ಅಂದ್ರೆ ಒಂದೇ ಆಟ ಅಂದ್ಕೋತಾರೆ. ಹಾಗಲ್ಲ. ಒಂದೊಂದು ಆಟದಲ್ಲಿ ರೆಫರಿ ನೋಡೋ ಜಾಗವೇ ಬೇರೆ.

ಆರ್ಟಿಸ್ಟಿಕ್ ಸ್ಕೇಟಿಂಗ್ ತಗೊಳ್ಳಿ. ಅದರಲ್ಲಿ ಫಿಗರ್ಸ್ ಅಂತ ಒಂದು ವಿಭಾಗ. ನೆಲದ ಮೇಲೆ ವೃತ್ತ ಬರೆದಿರ್ತಾರೆ, ಆ ಗೆರೆಯ ಮೇಲೇ ಒಂದೇ ಕಾಲಲ್ಲಿ ಹೋಗಬೇಕು. ಅಲ್ಲಿ ಜಡ್ಜ್ ಮುಖ ನೋಡಲ್ಲ, ವೇಷ ನೋಡಲ್ಲ. ಗಾಲಿ ಗೆರೆ ಬಿಡ್ತಾ ಅಂತ ನೋಡ್ತಾರೆ. ಜಿಗಿದು ತಿರುಗೋ ಫ್ರೀ ಸ್ಕೇಟಿಂಗ್‌ಗೆ ಈಚಿನ ವರ್ಷಗಳಲ್ಲಿ ರೋಲ್‌ಆರ್ಟ್ ಅನ್ನೋ ಪದ್ಧತಿ ಬಂದಿದೆ. ಪ್ರತಿ ಜಿಗಿತಕ್ಕೂ ಒಂದು ಮೂಲ ಅಂಕ, ಮಾಡಿದ ಚೆಂದಕ್ಕೆ ಮೇಲೆ ಕೆಳಗೆ. ಯಾವ ಜಿಗಿತ ಆಯಿತು ಅಂತ ಗುರುತಿಸೋ ತಂಡ ಬೇರೆ, ಚೆಂದ ಅಳೆಯೋ ಜಡ್ಜ್‌ಗಳು ಬೇರೆ. ಒಬ್ಬರೇ ಎರಡೂ ನೋಡೋಕೆ ಹೋದರೆ ಎರಡೂ ತಪ್ಪಾಗುತ್ತೆ ಅನ್ನೋದು ಅದರ ಹಿಂದಿನ ತಿಳಿವಳಿಕೆ.

ಇನ್ನು ರೋಲರ್ ಡರ್ಬಿ. 1935ರಲ್ಲಿ ಷಿಕಾಗೋದಲ್ಲಿ ಲಿಯೋ ಸೆಲ್ಟ್ಜರ್ ಶುರು ಮಾಡಿದಾಗ ಅದು ದಿನಗಟ್ಟಲೆ ಸುತ್ತು ಹಾಕೋ ಓಟ, ಆಮೇಲೆ ಮೈಗೆ ಮೈ ತಾಗಿಸಿ ಆಡೋ ಆಟ ಆಯಿತು. ಇವತ್ತಿನ ಹೆಣ್ಣುಮಕ್ಕಳ ಡರ್ಬಿಯಲ್ಲಿ ಸ್ಕೇಟ್ ಹಾಕಿಕೊಂಡೇ ಏಳು ಜನ ರೆಫರಿಗಳು ಇರಬಹುದು. ಅಂಕ ಗಳಿಸೋ ಆಟಗಾರ್ತಿಗೆ ಜ್ಯಾಮರ್ ಅಂತಾರೆ. ಒಬ್ಬೊಬ್ಬ ಜ್ಯಾಮರ್‌ಗೆ ಒಬ್ಬೊಬ್ಬ ರೆಫರಿ. ಬೇರೆ ಏನೇ ಆಗಲಿ, ಅವರ ಕಣ್ಣು ಆ ಒಬ್ಬರ ಮೇಲೆ.

ರೋಲರ್ ಹಾಕಿಗೆ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿ ಅವಕಾಶ ಸಿಕ್ಕಿತ್ತು. ಆಗಿನ ಒಲಿಂಪಿಕ್ ಸಮಿತಿ ಅಧ್ಯಕ್ಷ ಸಮರಾಂಚ್ ಯೌವನದಿಂದ ಅದೇ ಆಟದ ಹುಚ್ಚಿನವರು. ಫೈನಲ್‌ನಲ್ಲಿ ಅರ್ಜೆಂಟೀನಾ 8-6ರಿಂದ ಸ್ಪೇನನ್ನು ಸೋಲಿಸಿತು. ಮುಂದೆ ಒಲಿಂಪಿಕ್ಸ್‌ಗೆ ಅದು ಬರಲೇ ಇಲ್ಲ. ಗಾಲಿಗೆ ಬಾಗಿಲು ತೆರೆದದ್ದು ಟೋಕಿಯೋದಲ್ಲಿ, ಅದೂ ಸ್ಕೇಟ್‌ಬೋರ್ಡಿಗೆ.

ನಮ್ಮ ದೇಶದಲ್ಲಿ

ಭಾರತಕ್ಕೆ ರಿಂಕ್ ಬಂದದ್ದು ಬ್ರಿಟಿಷರ ಜೊತೆ, ಅವರ ಗಿರಿಧಾಮಗಳಿಗೆ. ಮಸ್ಸೂರಿಯ ಕುಲ್ರಿ ಬಜಾರಿನಲ್ಲಿ ದಿ ರಿಂಕ್ ಅಂತ ಒಂದು ಇತ್ತು. 1890ರ ಸುಮಾರಿನದು, ಮರದ ನೆಲ. ಸಾಹೇಬರ ಮೋಜಿಗೆ ಕಟ್ಟಿದ್ದರಲ್ಲಿ ಆಮೇಲೆ ಊರ ಹುಡುಗರು ಬೆಳೆದರು. ನಮ್ಮ ರಾಷ್ಟ್ರೀಯ ಒಕ್ಕೂಟ ಶುರುವಾದದ್ದು 1955ರಲ್ಲಿ.

ನೀವಿರೋ ಊರುಗಳಿಗೂ ಇದರಲ್ಲಿ ಪಾಲಿದೆ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿದಾಗ, ಹೈದರಾಬಾದಿನ ಅನೂಪ್ ಕುಮಾರ್ ಯಾಮಾ ಒಂಟಿಯಾಗಿ ಒಂದು ಕಂಚು, ಅವನಿ ಪಾಂಚಾಲ್ ಜೊತೆ ಜೋಡಿಯಲ್ಲಿ ಇನ್ನೊಂದು ಕಂಚು ತಂದರು. ಮುಂಬೈಯ ಚಹಾ ಅಂಗಡಿ ಹುಡುಗ ಸ್ಕೇಟಿಂಗ್ ಕಲಿಯೋ ಕಥೆಯನ್ನು ಅಮೋಲ್ ಗುಪ್ತೆ 2014ರಲ್ಲಿ ಹವಾ ಹವಾಯಿ ಅಂತ ಸಿನಿಮಾ ಮಾಡಿದರು. ಅದೇ ವರ್ಷ ಬೆಂಗಳೂರಿನ ಆರು ವರ್ಷದ ಹುಡುಗ ಕಾಲು ಅಗಲಿಸಿ, ಎದೆ ನೆಲಕ್ಕೆ ತಾಗಿಸೋ ಹಾಗೆ ಬಗ್ಗಿ, ಸಾಲಾಗಿ ನಿಲ್ಲಿಸಿದ 39 ಕಾರುಗಳ ಕೆಳಗೆ ಜಾರಿ ಹೋದ. ಹಾಂಗ್‌ಝೌ ತಂಡದಲ್ಲಿದ್ದ ಚೆನ್ನೈನ ಆನಂದಕುಮಾರ್ 2025ರಲ್ಲಿ ಚೀನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1000 ಮೀಟರ್ ಸ್ಪ್ರಿಂಟ್ ಚಿನ್ನವನ್ನೇ ಗೆದ್ದರು.

ಇಷ್ಟೆಲ್ಲ ಆದರೂ ನಮ್ಮ ಬಹಳ ಮಕ್ಕಳು ಕಲಿಯೋದು ಸೊಸೈಟಿಯ ಪಾರ್ಕಿಂಗ್‌ನಲ್ಲಿ, ಕಂಬಗಳ ನಡುವೆ. ರೇಸ್ ನಡೆಯೋದು ಸಪಾಟು ಸಿಮೆಂಟ್ ನೆಲದಲ್ಲಿ. ಮತ್ತೆ ಗೆರೆಯ ಹತ್ತಿರ ನಿಂತಿರೋದು ನನ್ನಂಥ ವೀಕೆಂಡ್ ರೆಫರಿ.

2019ರ ಆ ಭಾನುವಾರ

ಈಗ ನನ್ನ ತಪ್ಪಿಗೆ ಬರ್ತೀನಿ.

ಸ್ಪೀಡ್ ಸ್ಕೇಟಿಂಗ್‌ನಲ್ಲಿ ಎಲಿಮಿನೇಷನ್ ಅಂತ ಒಂದು ರೇಸಿದೆ. ಎಲ್ಲರೂ ಒಟ್ಟಿಗೆ ಹೊರಡ್ತಾರೆ. ನಿಗದಿ ಮಾಡಿದ ಸುತ್ತುಗಳಲ್ಲಿ ಗೆರೆ ದಾಟುವಾಗ ಯಾರು ಕೊನೆಯವರೋ ಅವರು ಹೊರಗೆ. ಕೊನೆಗೆ ಉಳಿದವರು ಪದಕಕ್ಕೆ ಓಡ್ತಾರೆ. ಕೊನೆಯವರು ಯಾರು ಅಂತ ನೋಡೋಕೆ ನಿಯಮ ತಿರುಗಾಮುರುಗಾ. ಗೆಲ್ಲೋವಾಗ ಮುಂದಿನ ಸ್ಕೇಟಿನ ಮುಂದಿನ ಗಾಲಿ. ಎಲಿಮಿನೇಷನ್‌ನಲ್ಲಿ ಹಿಂದಿನ ಸ್ಕೇಟಿನ ಹಿಂದಿನ ಗಾಲಿ. ಯಾರ ಹಿಂದಿನ ಗಾಲಿ ಎಲ್ಲರಿಗಿಂತ ತಡವಾಗಿ ಗೆರೆ ದಾಟುತ್ತೋ ಅವರು ಹೊರಗೆ. ಹಾಂಗ್‌ಝೌದಲ್ಲಿ ಚಿನ್ನ ತಂದ ಅದೇ ಚಾಚಿದ ಕಾಲು ಇಲ್ಲಿ ಉಪಯೋಗಕ್ಕಿಲ್ಲ, ಕೆಲವು ಸಲ ನಷ್ಟವೇ. ಮುಂದಿನ ಕಾಲು ಚಾಚಿದಾಗ ಹಿಂದಿನ ಕಾಲು ಹಿಂದೇ ಉಳಿಯುತ್ತೆ.

ಪುಣೆ ಹತ್ತಿರ ಒಂದು ಮಕ್ಕಳ ರೇಸ್. ಹನ್ನೊಂದು ವರ್ಷದ ಒಳಗಿನ ಹೆಣ್ಣುಮಕ್ಕಳು. ಐದು ಜನ ಉಳಿದಿದ್ದರು. ಕೊನೆಗೆ ಇಬ್ಬರು ಅಕ್ಕಪಕ್ಕ ಬಂದರು. ಒಬ್ಬಳದು ಸಣ್ಣ ಹೆಜ್ಜೆ, ಎರಡೂ ಕಾಲು ಹೆಚ್ಚುಕಡಿಮೆ ಜೊತೆಗೇ ಗೆರೆ ದಾಟಿದವು. ಪಕ್ಕದವಳು ಒಳ್ಳೆ ತರಬೇತಿಯವಳು, ಮುಂದಿನ ಕಾಲನ್ನು ಉದ್ದಕ್ಕೆ ಚಾಚಿದಳು. ಆ ಚಾಚಿದ ಕಾಲು ನನ್ನ ಕಣ್ಣನ್ನು ಎಳೆಯಿತು. ಸಣ್ಣ ಹೆಜ್ಜೆಯವಳ ನಂಬರ್ ಕೂಗಿದೆ. ಅವಳು ಒಂದು ಕ್ಷಣ ನನ್ನ ಕಡೆ ನೋಡಿ, ಏನೂ ಅನ್ನದೆ ಹೊರಗೆ ಹೋದಳು.

ಒಂದು ಗಂಟೆ ಆದ ಮೇಲೆ, ಬಹುಮಾನ ಎಲ್ಲ ಹಂಚಿ ಆಗಿತ್ತು, ಒಬ್ಬರು ಬಂದರು. ನಾನು ಫೋನಿನಲ್ಲಿ ಮನೆಯವರ ಜೊತೆ ಮಾತಾಡೋದು ಕೇಳಿದ್ದರು ಅಂತ ಕಾಣುತ್ತೆ.

"ಸರ್, ನಮ್ಮ ಕಡೆಯವರ ಏನ್ರಿ?"

"ಬೆಳಗಾವಿರೀ. ನೀವು?"

"ನಾವು ಇಂಡಿ ತಾಲೂಕ್ರೀ. ಇಲ್ಲಿ ಟೆಂಪೊ ಹೊಡೀತೀನಿ. ಆಕಿ ನನ್ನ ಮಗಳ್ರೀ." ದೂರದಲ್ಲಿ ಸ್ಕೇಟು ಬಿಚ್ಚುತ್ತಾ ಕೂತಿದ್ದ ಹುಡುಗಿಯನ್ನು ತೋರಿಸಿದರು. "ಜಗಳಕ್ಕ ಬಂದಿಲ್ರಿ ಸರ್. ಆಕಿ ಎಲ್ಲಿ ತಪ್ಪಿದ್ಲು ಅಂತ ಒಂದ್ ಮಾತ್ ಹೇಳ್ರಿ. ನಾ ಕೊನೀಯಾಕಿ ಅಲ್ಲ ಅಂತ ಒಂದ ಸವನ ಅಳಾಕತ್ಯಾಳ. ಎಲ್ಲಿ ತಪ್ಪೈತಿ ಗೊತ್ತಾದ್ರ ಮುಂದಿನ ಸಲ ತಿದ್ಕೋತಾಳ."

ಅವರ ಫೋನಿನಲ್ಲಿ ವಿಡಿಯೋ ಇತ್ತು. ಗೆರೆಯ ಪಕ್ಕದಿಂದಲೇ ತೆಗೆದದ್ದು. ಎಲ್ಲಿ ತಪ್ಪಿದಳು ಅಂತ ತೋರಿಸೋಣ ಅಂತ ನಾನೇ ಇಸ್ಕೊಂಡು ನಿಧಾನಕ್ಕೆ ಓಡಿಸಿದೆ. ಸಣ್ಣ ಹೆಜ್ಜೆಯವಳ ಎರಡೂ ಕಾಲು ಗೆರೆಯ ಆಚೆ ಇವೆ. ಪಕ್ಕದವಳ ಹಿಂದಿನ ಕಾಲು ಇನ್ನೂ ಈಚೆ. ಅನುಮಾನವೇ ಇಲ್ಲ. ನಾನು ನೋಡಬೇಕಾದ ಜಾಗ ಬಿಟ್ಟು ಬೇರೆ ಕಡೆ ನೋಡಿದ್ದೆ.

ಮುಖ್ಯ ರೆಫರಿ ಹತ್ತಿರ ಹೋಗಿ ಹೇಳಿದೆ. ಅವರು ಹಾಳೆ ತೋರಿಸಿದರು. ಲಿಖಿತ ತಕರಾರು ಕೊಡೋ ಸಮಯ ಮುಗಿದಿದೆ, ಫಲಿತಾಂಶಕ್ಕೆ ಸಹಿ ಬಿದ್ದಿದೆ, ಆ ಸಹಿಗಳಲ್ಲಿ ಒಂದು ನನ್ನದೇ. ನಿಯಮದ ಪ್ರಕಾರ ಅವರು ಹೇಳಿದ್ದು ಸರಿ. ಟೆಂಪೊ ಹೊಡೆಯೋ ಆ ಮನುಷ್ಯನಿಗೆ ತಕರಾರು ಕೊಡಬಹುದು ಅನ್ನೋದೇ ಗೊತ್ತಿರಲಿಲ್ಲ. ನಾವ್ಯಾರೂ ಹೇಳಿರಲಿಲ್ಲ.

ವಾಪಸ್ ಬರೋ ಆ ಐವತ್ತು ಹೆಜ್ಜೆಯಲ್ಲಿ ಸುಳ್ಳು ಹೇಳೋ ದಾರಿ ಎಷ್ಟು ಸಲೀಸಾಗಿ ಕಂಡಿತು ಅಂತ ಇವತ್ತಿಗೂ ನೆನಪಿದೆ. "ಹೆಜ್ಜಿ ಸಣ್ಣದಾತು, ಕಾಲು ಚಾಚೋದು ಕಲಸ್ರಿ" ಅಂದಿದ್ದರೆ ಸಾಕಿತ್ತು. ಅವರು ಕೈ ಮುಗಿದು ಹೋಗ್ತಿದ್ದರು. ಆ ಹುಡುಗಿ ತನ್ನ ಸರಿಯಾದ ಹೆಜ್ಜೆಯನ್ನು ತಪ್ಪು ಅಂತ ತಿದ್ದಿಕೊಳ್ತಿದ್ದಳು.

"ಆಕಿ ತಪ್ಪಿಲ್ರಿ. ನಾನು ತಪ್ಪೀನಿ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಂದ್ರ ಆಕಿ ಖರೇನ ಹೇಳಾಕತ್ತಿದ್ಲು. ನಾನ ಬೈದೆ" ಅಂದರು. ಮಗಳನ್ನು ಕರೆದರು. "ಸರ್, ಆಕಿಗೆ ನೀವ ಹೇಳ್ರಿ."

ಹೇಳಿದೆ. ವಿಡಿಯೋ ತೋರಿಸಿದೆ, ಹಿಂದಿನ ಗಾಲಿ ತೋರಿಸಿದೆ, ಕ್ಷಮೆ ಕೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಮತ್ತ ನಾ ಎಷ್ಟನೇ ನಂಬರ್ ಬರ್ತಿದ್ದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರ ಹತ್ತಿರವೂ ಇಲ್ಲ. ಅವಳು ಓಡದೇ ಉಳಿದ ಆ ಸುತ್ತುಗಳನ್ನು ಯಾವ ಕ್ಯಾಮೆರಾನೂ ತೋರಿಸಲ್ಲ. ಮುಂದಿನ ವರ್ಷ ಕೋವಿಡ್ ಬಂತು, ರಿಂಕ್‌ಗಳು ಮುಚ್ಚಿದವು. ಅವಳನ್ನು ನಾನು ಮತ್ತೆ ನೋಡಿಲ್ಲ.

ಈಗ ಏನು ಮಾಡ್ತೀನಿ

ಕೆಲಸ ಬಿಡಬೇಕು ಅನ್ನಿಸಿತ್ತು. ಬಿಟ್ಟರೆ ಅವಳಿಗೇನು ಲಾಭ ಅಂತ ಬಿಡಲಿಲ್ಲ, ಮಾಡೋ ರೀತಿ ಬದಲಾಯಿಸಿದೆ.

ಎಲಿಮಿನೇಷನ್‌ನಲ್ಲಿ ಈಗ ನಾನು ನಿಲ್ಲಲ್ಲ, ಗೆರೆಯ ನೇರಕ್ಕೆ ಕುಕ್ಕರಗಾಲಲ್ಲಿ ಕೂರ್ತೀನಿ. ನಿಂತರೆ ಕಣ್ಣಿಗೆ ಮುಖ, ಹೆಲ್ಮೆಟ್, ಕೈ ಎಲ್ಲ ಬೀಳುತ್ತೆ. ಕೂತರೆ ಗಾಲಿ ಮಾತ್ರ. ಗೆರೆಗೆ ಒಂದು ಫೋನ್ ಇಡ್ತೀವಿ, ಸ್ಲೋ ಮೋಷನ್‌ನಲ್ಲಿ. ಲೆಕ್ಕ ನೋಡಿ: ಸೆಕೆಂಡಿಗೆ 7 ಮೀಟರ್ ಓಡೋ ಮಗು, ಸಾಮಾನ್ಯ ವಿಡಿಯೋದ ಒಂದು ಫ್ರೇಮಿನಿಂದ ಇನ್ನೊಂದು ಫ್ರೇಮಿಗೆ, ಅಂದರೆ ಸೆಕೆಂಡಿಗೆ 30 ಫ್ರೇಮ್ ಇದ್ದಾಗ, 23 ಸೆಂಟಿಮೀಟರ್ ದಾಟಿರುತ್ತೆ. 240 ಫ್ರೇಮ್ ಇಟ್ಟರೆ 3 ಸೆಂಟಿಮೀಟರ್. ದುಡ್ಡೇನೂ ಖರ್ಚಿಲ್ಲ, ಎಲ್ಲರ ಜೇಬಲ್ಲೂ ಇರೋ ಫೋನ್. ರೇಸಿಗೆ ಮುಂಚೆ ಮಕ್ಕಳನ್ನೂ ಅಪ್ಪ ಅಮ್ಮಂದಿರನ್ನೂ ಸೇರಿಸಿ ಎರಡು ವಿಷಯ ಹೇಳ್ತೀನಿ: ಯಾವ ಗಾಲಿ ಲೆಕ್ಕಕ್ಕೆ, ಮತ್ತೆ ತಕರಾರು ಎಷ್ಟು ಹೊತ್ತಿನೊಳಗೆ, ಯಾರಿಗೆ ಕೊಡಬೇಕು. ಕನ್ನಡ, ಮರಾಠಿ, ಹಿಂದಿ, ಮೂರರಲ್ಲೂ ಹೇಳ್ತೀನಿ.

2023ರಲ್ಲಿ ಆ ಹಾಂಗ್‌ಝೌ ವಿಡಿಯೋ ಬಂದಾಗ ಆಫೀಸಿನಲ್ಲಿ ಎಲ್ಲರೂ ಕೊರಿಯಾದವನನ್ನು ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಆ ಗೆರೆಯ ಹತ್ತಿರ ಕಣ್ಣು ತಪ್ಪಿದ್ದರೆ ಹ್ವಾಂಗ್ ಅವರ ಚಿನ್ನ ಹೋಗಿರ್ತಿತ್ತು, ಯಾಕಂದ್ರೆ ಜಂಗ್ ಗೆದ್ದವನ ಹಾಗೇ ಕಾಣ್ತಿದ್ದ. ಗೆದ್ದ ಹಾಗೆ ಕಾಣೋದಕ್ಕೂ ಗೆಲ್ಲೋದಕ್ಕೂ ನಡುವೆ ಇರೋದು ಒಂದು ಗಾಲಿ. ಅಲ್ಲಿ ಕ್ಯಾಮೆರಾ ಸರಿಯಾದ ಜಾಗ ನೋಡಿತು. ಸಪಾಟು ಸಿಮೆಂಟಿನ ರಿಂಕ್‌ಗಳಲ್ಲಿ ಆ ಜಾಗ ನೋಡಬೇಕಾದವರು ನಾವು.

ನಿಮ್ಮ ಮಕ್ಕಳು ಈ ಭಾನುವಾರ ರೇಸಿಗೆ ಹೋಗೋದಿದ್ದರೆ, ಗೆರೆಯ ನೇರಕ್ಕೆ ನಿಂತು ಒಂದು ವಿಡಿಯೋ ತೆಗೀರಿ. ಸೋತು ಬಂದು "ನಾನು ಕೊನೆಯವಳಲ್ಲ" ಅಂದರೆ, ಬೈಯೋಕೆ ಮುಂಚೆ ಒಮ್ಮೆ ಹಿಂದಿನ ಗಾಲಿ ನೋಡಿ. ರೆಫರಿ ತಪ್ಪಿದ್ದರೆ ಬಂದು ಕೇಳ್ರಿ. ಕೇಳೋರು ಬಂದರೆ ನಮಗೂ ಒಳ್ಳೇದೇ.

ಮುಂದಿನ ವಾರ ಸಿಗೋಣ. ಬರ್ತೀನ್ರಿ.